ಆದೇಶದ ಮೇರೆಗೆ ಅತ್ತೆಯ ಕುರ್ಚಿ

ನಮ್ಮವರು ಒಳ್ಳೆಯ ನಾಗರಿಕರಾಗಲು ನಿರ್ಧರಿಸಿದ್ದು ಒಂದು ಭಾನುವಾರದ ಸಂಜೆ. ಅದಕ್ಕೆ ಮೊದಲು ಅವರು ಕೆಟ್ಟ ನಾಗರಿಕರಾಗಿದ್ದರು ಎಂದೇನೂ ಅಲ್ಲ. ತಮ್ಮ ಪಾಡಿಗೆ ಅಂಗಡಿ ಕಚೇರಿಗಳ ಬೋರ್ಡು ಬರೆದುಕೊಂಡು, ಬಣ್ಣದ ಡಬ್ಬಿಗಳ ಮುಚ್ಚಳ ಹುಡುಕಿಕೊಂಡು, ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ ಮೇಲೆ ಇನ್ನೊಂದು ಎಲ್ಲಿ ಎಂದು ನನ್ನನ್ನು ಕೇಳಿಕೊಂಡು ಬದುಕಿದ್ದರು. ಅವರಿಂದ ಯಾರಿಗೂ ಉಪದ್ರವ ಇರಲಿಲ್ಲ. ಉಪದ್ರವ ಶುರುವಾದದ್ದು ಅವರು ಒಳ್ಳೆಯವರಾಗಲು ಹೊರಟ ಮೇಲೆ.

ಕಾರಣ ನಮ್ಮ ಮಗಳು. ಮುಂದಿನ ಶನಿವಾರ ಅವಳು ಶಾಲೆಯಲ್ಲಿ 'ನಾನು ಕಂಡ ಒಳ್ಳೆಯ ನಾಗರಿಕ' ಎಂಬ ವಿಷಯದ ಮೇಲೆ ಭಾಷಣ ಮಾಡಬೇಕಿತ್ತು. ನಾನು ಒಗೆದ ಬಟ್ಟೆ ಮಡಚುತ್ತಿದ್ದೆ. ಅವಳು ಬಟ್ಟೆಯ ರಾಶಿಯನ್ನೇ ಸಭೆ ಅಂದುಕೊಂಡು ಅಭ್ಯಾಸ ಮಾಡುತ್ತಿದ್ದಳು. ನಮ್ಮವರು ಮೂಲೆಯಲ್ಲಿ ಕುಂಚ ತೊಳೆಯುತ್ತ, ಮಗಳ ಬಾಯಲ್ಲಿ ತಮ್ಮ ಹೆಸರು ಬಂದಾಗ ಎಷ್ಟು ಸಂಕೋಚ ತೋರಿಸಿದರೆ ಚೆನ್ನ ಎಂದು ಮುಖವನ್ನು ಸಿದ್ಧಮಾಡಿಕೊಂಡಿದ್ದರು. ಮಗಳು ಆರಿಸಿಕೊಂಡಿದ್ದು ಎದುರು ಮನೆಯ ಹೆಡ್ ಗುಮಾಸ್ತರನ್ನು. ಅವರು ನಿವೃತ್ತರಾಗಿ ವರ್ಷಗಳಾಗಿವೆ, ಆದರೆ ಕಿಟಕಿಯ ಪಕ್ಕದ ಕುರ್ಚಿಗೆ ಇನ್ನೂ ಸಮಯಕ್ಕೆ ಸರಿಯಾಗಿ ಹಾಜರಾಗುತ್ತಾರೆ.

"ಅವರು ಅಂಥದ್ದೇನು ಮಾಡಿದ್ದಾರೆ?" ಎಂದರು ನಮ್ಮವರು.

"ಹಗಲು ಹೊತ್ತು ಬೀದಿದೀಪ ಉರೀತಾ ಇದ್ರೆ ಫೋನ್ ಮಾಡ್ತಾರೆ."

"ಮತ್ತೆ ನಾನು?"

ಮಗಳು ಯೋಚಿಸಿದಳು. ಪಾಪ, ನಿಜವಾಗಿಯೂ ಯೋಚಿಸಿದಳು. ಅಷ್ಟು ಹೊತ್ತು ಯೋಚಿಸಿದ್ದೇ ಅವರಿಗೆ ನಾಟಿದ್ದು. "ನೀನು ಒಳ್ಳೆ ಅಪ್ಪ," ಎಂದಳು ಕೊನೆಗೆ.

ಬೇರೆ ಗಂಡಸಾಗಿದ್ದರೆ ಇಷ್ಟಕ್ಕೆ ಸಂತೋಷಪಟ್ಟು ಮಲಗುತ್ತಿದ್ದ. ನಮ್ಮವರು ಕುಂಚ ಕೊಡವಿ, ನಾಳೆಯಿಂದ ನೋಡುತ್ತಿರಿ ಎಂದರು.

ಮರುದಿನವೇ ಬೀದಿ ಕೊನೆಯ ನಲ್ಲಿಯಿಂದ ನೀರು ತೊಟ್ಟಿಕ್ಕುವುದನ್ನು ಕಂಡು, ಹಳೆಯ ಸೈಕಲ್ ಟ್ಯೂಬಿನಿಂದ ಅದನ್ನು ಬಿಗಿದು ಬಂದರು. ತೊಟ್ಟಿಕ್ಕುವುದು ನಿಂತಿತು. ನೀರು ಬರುವುದೂ ನಿಂತಿತು. ಮಧ್ಯಾಹ್ನದ ಹೊತ್ತಿಗೆ ಖಾಲಿ ಬಿಂದಿಗೆ ಹಿಡಿದವರೆಲ್ಲ ನಮ್ಮ ಬಾಗಿಲಿಗೆ ಬಂದು, ನಲ್ಲಿಗೆ ನೇಣು ಹಾಕಿದ ಪುಣ್ಯಾತ್ಮರು ಮನೆಯಲ್ಲಿ ಇದ್ದಾರೆಯೇ ಎಂದು ವಿಚಾರಿಸಿದರು. ಪುಣ್ಯಾತ್ಮರು ಕೆಲಸಕ್ಕೆ ಹೋಗಿದ್ದರು. ನಾನೇ ಅಡುಗೆಮನೆಯ ಕತ್ತರಿ ತೆಗೆದುಕೊಂಡು ಹೋಗಿ ಬಿಡಿಸಿ ಬಂದೆ. ಇಷ್ಟಕ್ಕೇ ಮುಗಿದಿದ್ದರೆ ಈ ಕಥೆ ಇರುತ್ತಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಹಾಲಿನವನ ಸೈಕಲ್ಲು ಬೀದಿಯ ತಿರುವಿನಲ್ಲಿ ಮುಗ್ಗರಿಸಿತು. ಅಲ್ಲಿ ಚರಂಡಿಯ ಮೇಲಿನ ಕಲ್ಲುಚಪ್ಪಡಿ ಬಹಳ ದಿನದಿಂದ ಬಿರುಕು ಬಿಟ್ಟಿತ್ತು. ಅಂದು ಮುರಿದು ಒಳಗೆ ಬಿದ್ದಿತ್ತು. ಮುಂದಿನ ಚಕ್ರ ಹೊಂಡದೊಳಗೆ, ಹಾಲು ಬೀದಿಯ ತುಂಬ, ಹಾಲಿನವನು ಹೆಡ್ ಗುಮಾಸ್ತರ ಗೇಟಿನ ಬುಡದಲ್ಲಿ. ನಮ್ಮ ಮಗಳೂ ಅವಳ ಗೆಳತಿಯರೂ ಶಾಲೆಗೆ ಹೋಗುವುದು ಅದೇ ತಿರುವಿನಲ್ಲಿ, ಅದೂ ಓಡುತ್ತಾ. ನಮ್ಮವರು ಒಂದು ಕ್ಷಣ ನಿಂತು ನೋಡಿದರು, ಮನೆಯೊಳಗೆ ನುಗ್ಗಿದರು, ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಹೋಗಿ ಹೊಂಡದ ಅಂಚಿನಲ್ಲಿ ಅಡ್ಡವಾಗಿ ಇಟ್ಟರು. ಕೈಗೆ ಸಿಕ್ಕಿದ್ದು ಅತ್ತೆಯ ಕುರ್ಚಿ.

ಈ ಕುರ್ಚಿಯ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಅತ್ತೆಗೆ ಮಂಡಿ ನೋವು. ಮಾವನವರು ಬದುಕಿದ್ದಾಗ ಬಡಗಿಯ ಮುಂದೆ ಅತ್ತೆಯನ್ನೇ ನಿಲ್ಲಿಸಿ, ಅವರ ಅಳತೆಗೆ ಮಾಡಿಸಿದ ಕುರ್ಚಿ ಅದು. ಅಗಲವಾದ ಕೈಗಳು, ತುಸು ಎತ್ತರದ ಆಸನ. ಅತ್ತೆ ಎರಡು ಅಂಗೈಗಳನ್ನು ಕುರ್ಚಿಯ ಕೈಗಳ ಮೇಲೆ ಊರಿ, ಒಮ್ಮೆ "ಹೂಂ" ಎಂದರೆ ಎದ್ದುಬಿಡುತ್ತಾರೆ. ಬೇರೆ ಯಾವ ಆಸನದಿಂದಲೂ ಅವರಿಗೆ ಒಬ್ಬರೇ ಏಳಲು ಆಗುವುದಿಲ್ಲ. ಆ ಕುರ್ಚಿ ಇರುವವರೆಗೆ ಅವರು ಯಾರ ಹಂಗೂ ಇಲ್ಲದ ಹೆಂಗಸು. ಅದು ಇಲ್ಲದಿದ್ದರೆ ಎತ್ತಿ ಕೂರಿಸಿ ಎತ್ತಿ ನಿಲ್ಲಿಸಬೇಕಾದ ಮುದುಕಿ. ಈ ವ್ಯತ್ಯಾಸ ಅವರಿಗೆ ಚೆನ್ನಾಗಿ ಗೊತ್ತಿತ್ತು, ನನಗೂ ಗೊತ್ತಿತ್ತು. ನಮ್ಮವರಿಗೆ ಆ ಹೊತ್ತಿನಲ್ಲಿ ನೆನಪಾಗಲಿಲ್ಲ.

ಅತ್ತೆ ಸ್ನಾನ ಮುಗಿಸಿ ಬಂದು, ಖಾಲಿ ಜಾಗದ ಮುಂದೆ ನಿಂತರು.

"ನನ್ನ ಕುರ್ಚಿ ಎಲ್ಲೋ?"

"ಅಮ್ಮ, ಅದು ಸಾರ್ವಜನಿಕ ಸೇವೆಗೆ ಹೋಗಿದೆ."

"ಯಾವಾಗ ಬರುತ್ತೆ?"

"ಸಂಜೆ ಒಳಗೆ. ಅಷ್ಟರಲ್ಲಿ ಒಂದು ಹಲಗೆಯೋ ಡಬ್ಬವೋ ಹುಡುಕಿ ಅಲ್ಲಿಟ್ಟು ಇದನ್ನ ತಂದುಬಿಡ್ತೀನಿ."

ಹೀಗೆ ಹೇಳಿ ಅವರು ಸುಮ್ಮನಿರಬಹುದಿತ್ತು. ಆದರೆ ಬೋರ್ಡು ಬರೆಯುವವನ ಕಣ್ಣಿಗೆ ಬರಹವಿಲ್ಲದ ಕುರ್ಚಿ ಗುಂಡಿ ಇಲ್ಲದ ಅಂಗಿಯಂತೆ ಕಂಡಿತೇನೋ. ಒಂದು ತಗಡಿಗೆ ಬಿಳಿ ಬಳಿದು ಕೆಂಪಿನಲ್ಲಿ ಬರೆದು, ಕುರ್ಚಿಯ ಪಕ್ಕ ನೆಟ್ಟರು: 'ಎಚ್ಚರಿಕೆ. ಇಲ್ಲಿ ಹೊಂಡವಿದೆ. ಈ ಕುರ್ಚಿಯನ್ನು ಸರಿಸುವುದು ಶಿಕ್ಷಾರ್ಹ ಅಪರಾಧ. ಆದೇಶದ ಮೇರೆಗೆ.' ಮೊದಲ ಎರಡು ವಾಕ್ಯ ಅವರು ಯೋಚಿಸಿ ಬರೆದವು. ಉಳಿದದ್ದನ್ನು ಕೈ ತಾನಾಗಿ ಬರೆದುಕೊಂಡು ಹೋಯಿತು. ಈ ಊರಿನ ನಗರಸಭೆಯ ಬೋರ್ಡುಗಳನ್ನೆಲ್ಲ ಬರೆಯುವವರು ನಮ್ಮವರೇ. ಉಗುಳಬಾರದು, ಹತ್ತಬಾರದು, ಅಂಟಿಸಬಾರದು, ಎಲ್ಲದರ ಕೆಳಗೂ 'ಆದೇಶದ ಮೇರೆಗೆ' ಎಂದು ಬರೆದು ಬರೆದು ಅವರ ಕೈಗೆ ಅದು ಪೂರ್ಣವಿರಾಮದಷ್ಟೇ ಸಹಜವಾಗಿಬಿಟ್ಟಿದೆ. ಒಮ್ಮೆ ನನ್ನ ಉಪ್ಪಿನ ಡಬ್ಬಿಯ ಮೇಲೂ ಬರೆದಿದ್ದರು.

ಸಂಜೆ ಅವರು ಹಲಗೆ ಹೊತ್ತುಕೊಂಡು ತಿರುವಿಗೆ ಹೋದರು. ಕುರ್ಚಿಯ ಕೈ ಮುಟ್ಟಿದರೋ ಇಲ್ಲವೋ, ಕಿಟಕಿಯಿಂದ ಹೆಡ್ ಗುಮಾಸ್ತರ ದನಿ ಬಂತು.

"ರೀ, ಓದೋಕೆ ಬರಲ್ವಾ ನಿಮಗೆ?"

"ಬರುತ್ತೆ ಸಾರ್. ಬರೆದವನೇ ನಾನು."

"ಅದು ಊರಿಗೇ ಗೊತ್ತು. ಎಲ್ಲ ಬೋರ್ಡೂ ಬರೆಯೋದು ನೀವೇ. ಬರೆದವರೇ ಪಾಲಿಸದಿದ್ರೆ ಮಿಕ್ಕವರು ಪಾಲಿಸ್ತಾರಾ?"

ಕುರ್ಚಿ ತಮ್ಮ ತಾಯಿಯದು ಎಂದು ನಮ್ಮವರು ವಿವರಿಸಿದರು. ಹೆಡ್ ಗುಮಾಸ್ತರು ಮೆಚ್ಚಿಕೊಂಡರು. ಸ್ವಂತ ತಾಯಿಯ ಕುರ್ಚಿಯನ್ನೇ ಸರ್ಕಾರ ವಶಪಡಿಸಿಕೊಂಡಿದ್ದರೂ ಬೋರ್ಡನ್ನು ಅಷ್ಟು ಅಂದವಾಗಿ ಬರೆದುಕೊಟ್ಟಿದ್ದಾರಲ್ಲ ಎಂದು ಅವರಿಗೆ ಗೌರವ ಬಂತು. ಅಷ್ಟರಲ್ಲಿ ಬೀಟಿನ ಪೊಲೀಸ್ ಪೇದೆ ಬಂದ. ನಮ್ಮವರು ಮತ್ತೆ ಮೊದಲಿನಿಂದ ಹೇಳಿದರು: ಬರೆದವನು ನಾನು. ಗೊತ್ತು ಎಂದ ಪೇದೆ. ಆದೇಶವೂ ನನ್ನದೇ ಎಂದರು. ಪೇದೆ ನಕ್ಕು, ಅವರ ಬೆನ್ನು ತಟ್ಟಿ, ಹಲಗೆಯನ್ನು ಅವರ ಹೆಗಲ ಮೇಲೆ ತಾನೇ ಸರಿಯಾಗಿ ಇಟ್ಟು ಮನೆಗೆ ಕಳಿಸಿದ.

ಅತ್ತೆ ಅಂದು ಮಂಚದ ಅಂಚಿನಲ್ಲಿ ಕುಳಿತಿದ್ದರು. ಮಂಚ ತಗ್ಗು. ಏಳಬೇಕಾದಾಗ ನಾನು ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದೆ. ಮಾತು ಕಡಿಮೆ ಮಾಡಿದರೆ ಭಾರವೂ ಕಡಿಮೆಯಾಗುತ್ತದೆ ಅನ್ನುವವರ ಹಾಗೆ ಇದ್ದರು.

ಬುಧವಾರ ನಮ್ಮವರು ನೇರವಾಗಿ ನಗರಸಭೆಗೆ ಹೋದರು. ಹೊಂಡ ಮುಚ್ಚಿದರೆ ಕುರ್ಚಿ ತಾನಾಗಿ ಬಿಡುಗಡೆಯಾಗುತ್ತದೆ ಎಂಬುದು ಅವರ ಲೆಕ್ಕ. ನನಗೂ ಅದು ಸರಿ ಎನಿಸಿತ್ತು. ಅಲ್ಲಿ ರಸ್ತೆಗೆ ಒಬ್ಬ ಮೇಲ್ವಿಚಾರಕರು, ಚರಂಡಿಗೆ ಇನ್ನೊಬ್ಬರು, ಇಬ್ಬರ ಕೋಣೆಗಳ ನಡುವೆ ಒಂದೇ ಗೋಡೆ. ರಸ್ತೆಯವರು ಹೇಳಿದರಂತೆ, ಆ ಹೊಂಡದ ಮೇಲೆ ಆಗಲೇ ಕ್ರಮ ಆಗಿದೆ, ಬೋರ್ಡು ಬಿದ್ದಿದೆ, ಅದು ಚರಂಡಿಯವರ ಕೆಲಸ. ಚರಂಡಿಯವರು ಹೇಳಿದರಂತೆ, ಬೋರ್ಡನ್ನು ತಾವೇ ಕಣ್ಣಾರೆ ನೋಡಿ ಬಂದಿದ್ದೇವೆ, ರಸ್ತೆಯವರು ಬಹಳ ಚುರುಕಾಗಿದ್ದಾರೆ, ಕುರ್ಚಿ ಕೂಡ ಒಳ್ಳೆಯ ಮರದ್ದೇ ಹಾಕಿದ್ದಾರೆ. ಬೋರ್ಡು ಇಲ್ಲದ ಹೊಂಡಗಳೇ ಊರಿನಲ್ಲಿ ಬೇಕಾದಷ್ಟಿವೆ, ಬೋರ್ಡು ಇರುವುದಕ್ಕೆ ಏನು ಅವಸರ ಎಂದು ಇಬ್ಬರೂ ಕೇಳಿದರಂತೆ.

ಅಂದರೆ ನಮ್ಮವರ ಬೋರ್ಡು ಮಕ್ಕಳನ್ನು ಹೊಂಡದಿಂದ ಕಾಪಾಡುತ್ತಿತ್ತು, ಹೊಂಡವನ್ನು ನಗರಸಭೆಯಿಂದ ಕಾಪಾಡುತ್ತಿತ್ತು.

ಅಷ್ಟು ಹೊತ್ತಿಗೆ ಬೀದಿ ಕುರ್ಚಿಗೆ ಒಗ್ಗಿಕೊಂಡಿತ್ತು. ತರಕಾರಿಯವಳು ಗಿರಾಕಿಗಳಿಗೆ ಕುರ್ಚಿ ದಾಟಿ ಎಡಕ್ಕೆ ಬನ್ನಿ ಎಂದು ದಾರಿ ಹೇಳತೊಡಗಿದ್ದಳು. ಯಾರೋ ಸಿಕ್ಕ ಕೈಚೀಲವೊಂದನ್ನು ಕಳೆದುಕೊಂಡವರಿಗೆ ಕಾಣಲೆಂದು ಅದರ ಕೈಗೆ ತೂಗುಹಾಕಿದ್ದರು. ಬಾಡಿಗೆ ಗಾಡಿಯವರು ತಿರುವಿಗೆ ಕುರ್ಚಿ ಸ್ಟಾಪ್ ಎಂದೇ ಹೆಸರಿಟ್ಟುಬಿಟ್ಟರು. ನಾನು ಕಸ ಚೆಲ್ಲಲು ಹೋದಾಗಲೆಲ್ಲ ಅದನ್ನು ನೋಡುತ್ತಿದ್ದೆ. ನಮ್ಮ ಮನೆಯವರೊಬ್ಬರಿಗೆ ದೊಡ್ಡ ನೌಕರಿ ಸಿಕ್ಕಿ ನಮ್ಮನ್ನು ಗುರುತಿಸದ ಹಾಗೆ ನಿಂತಿರುತ್ತಿತ್ತು.

ಗುರುವಾರ ನಗರಸಭೆಯಿಂದ ಕೆಲಸ ಬಂತು. ತಿರುವಿನ ಕುರ್ಚಿ ಗಾಡಿಯವರಿಗೆ ದೂರದಿಂದ ಸರಿಯಾಗಿ ಕಾಣುವುದಿಲ್ಲವಾದ್ದರಿಂದ ಅದಕ್ಕೆ ಹಳದಿ ಕಪ್ಪು ಪಟ್ಟಿ ಬಳಿಯತಕ್ಕದ್ದು. ಕೆಲಸ ಬೇರೆ ಯಾರಿಗೆ ಬರುತ್ತದೆ? ನಮ್ಮವರಿಗೇ. ಬೇಡ ಅನ್ನಿ ಎಂದೆ ನಾನು. ಅವರು ಬಣ್ಣದ ಡಬ್ಬಿ ಕಲಕಿದರು.

"ಇನ್ನೊಬ್ಬ ಬಂದು ಅಮ್ಮನ ಕುರ್ಚಿಗೆ ಹೇಗೆಂದರೆ ಹಾಗೆ ಬಳಿದುಹೋದ್ರೆ?" ಎಂದರು. "ಬಳಿದೇ ಬಳೀತಾರೆ ಅಂದಮೇಲೆ ನಾನೇ ನೀಟಾಗಿ ಬಳೀತೀನಿ."

ಇಡೀ ಬೆಳಿಗ್ಗೆ ಬೀದಿಯಲ್ಲಿ ಮಂಡಿಯೂರಿ ಬಳಿದರು. ಕಾಲುಗಳ ಒಳಮೈಗೂ ಬಳಿದರು. ಹೆಡ್ ಗುಮಾಸ್ತರು ಕಿಟಕಿಯಿಂದ, ಪಟ್ಟಿಗಳ ಅಗಲ ಸಮವಾಗಿದೆ ಎಂದು ಶಹಬ್ಬಾಸ್ ಹೇಳಿದರು.

ಆ ಮಧ್ಯಾಹ್ನ ನಾನು ಅತ್ತೆಯ ಮಂಚದ ಬಳಿ ಕಸ ಗುಡಿಸುವಾಗ ನೀರಿನ ಲೋಟ ನೋಡಿದೆ. ಬೆಳಿಗ್ಗೆ ಇಟ್ಟದ್ದು ಹಾಗೇ ತುಂಬಿತ್ತು. ಹಿಂದಿನ ದಿನವೂ ಹೀಗೇ ಇತ್ತೆಂದು ಆಗ ಹೊಳೆಯಿತು. ಯಾಕೆ ಅತ್ತೆ, ಬಾಯಾರಿಕೆ ಇಲ್ಲವೇ ಎಂದು ಕೇಳಿದೆ. ಅವರು ಕಿಟಕಿಯ ಕಡೆ ತಿರುಗಿದರು.

"ಕುಡಿದರೆ ಏಳಬೇಕಲ್ಲಮ್ಮ. ಪ್ರತಿ ಸಲ ನಿನ್ನ ಕರೀಬೇಕು. ಒಲೆ ಮೇಲೆ ಏನಿಟ್ಟಿರ್ತೀಯೋ ಏನೋ."

ನಾನು ಪೊರಕೆ ಕೆಳಗಿಟ್ಟೆ. ನಾನು ಸಾಮಾನ್ಯವಾಗಿ ಕೋಪ ಮಾಡಿಕೊಳ್ಳುವವಳಲ್ಲ. ಕೋಪಕ್ಕೆ ಬಿಡುವು ಬೇಕು, ನನಗೆ ಎಲ್ಲಿದೆ? ಆದರೂ ಅಂದು ನಾಳೆಯೊಳಗೆ ಈ ಕುರ್ಚಿ ಮನೆಗೆ ಬರಲೇಬೇಕು ಎಂದೆ, ಗಟ್ಟಿಯಾಗಿಯೇ. ಅತ್ತೆ ನನ್ನನ್ನು ದಿಟ್ಟಿಸಿ ನೋಡಿದರು.

"ಅದನ್ನ ತಂದರೆ ಮಕ್ಕಳು ಹೊಂಡಕ್ಕೆ ಬೀಳಲ್ವಾ?"

"ಬೀಳಬಹುದು ಅತ್ತೆ. ಹಲಗೆ ಇಟ್ಟರೂ ಯಾರಾದರೂ ಎತ್ತಿಕೊಂಡು ಹೋಗ್ತಾರೆ."

"ಹಾಗಾದರೆ ಕುರ್ಚಿ ಬರೋದು ಬೇಡ. ನಾನೇ ಹೋಗ್ತೀನಿ. ನಾಳೆ ಬೆಳಿಗ್ಗೆ ಬಟಾಣಿ ಸುಲಿಯೋದಿದೆ ಅಂದಿದ್ದೆಯಲ್ಲ, ಅದನ್ನ ಒಂದು ಬುಟ್ಟಿಗೆ ಹಾಕಿಡು."

ಶುಕ್ರವಾರ ಬೆಳಿಗ್ಗೆ ಅತ್ತೆ ಒಗೆದ ಬಟ್ಟೆ ಉಟ್ಟು, ಶಾಲು ಹೊದ್ದು, ನನ್ನ ತೋಳು ಹಿಡಿದು ತಿರುವಿನವರೆಗೆ ನಡೆದರು. ಬಣ್ಣ ಒಣಗಿದೆಯೇ ಎಂದು ಬೆರಳಿಂದ ಮುಟ್ಟಿ ನೋಡಿದರು. ತೂಗುತ್ತಿದ್ದ ಕೈಚೀಲವನ್ನು ಬೋರ್ಡಿನ ಮೂಲೆಗೆ ಸಿಕ್ಕಿಸಿದರು. ಆಮೇಲೆ ಕುಳಿತರು, ಎಷ್ಟೋ ದಿನದ ಮೇಲೆ ತವರಿಗೆ ಬಂದವರ ಹಾಗೆ. ನಾನು ಬಟಾಣಿಯ ಬುಟ್ಟಿಯನ್ನು ಮಡಿಲಲ್ಲಿಟ್ಟು ಪಕ್ಕದಲ್ಲಿ ನಿಂತೆ.

ಮೊದಲು ಬಂದವನು ಪೇದೆ.

"ಅಜ್ಜಿ, ಏಳಿ. ಬೋರ್ಡು ನೋಡಿ."

"ನನಗೆ ಕನ್ನಡಕ ಇಲ್ಲ. ನೀನೇ ಓದಪ್ಪ."

ಪೇದೆ ಓದಿದ. ಅತ್ತೆ ಒಂದು ಬಟಾಣಿ ಬಿಡಿಸುತ್ತ ಗಮನವಿಟ್ಟು ಕೇಳಿದರು.

"ಸರಿಸಬಾರದು ಅಂತಿದೆ. ನಾನು ಸರಿಸ್ತಾ ಇಲ್ಲವಲ್ಲ. ಕೂತಿದ್ದೀನಿ. ನೀನು ನನ್ನ ಎಬ್ಬಿಸೋಕೆ ಹೋಗಿ ಕುರ್ಚಿ ಒಂದು ಚೂರು ಸರಿದರೂ ತಪ್ಪು ನಿನ್ನ ಮೇಲೆ ಬರುತ್ತೆ, ನೋಡಿಕೋ."

ಪೇದೆ ಬೋರ್ಡನ್ನು ಮತ್ತೊಮ್ಮೆ ಓದಿದ. ಅತ್ತೆ ಹೇಳಿದ್ದರಲ್ಲಿ ಒಂದು ತಪ್ಪೂ ಅವನಿಗೆ ಸಿಗಲಿಲ್ಲ. ಸಲಹೆಗೆಂದು ಹೆಡ್ ಗುಮಾಸ್ತರ ಕಿಟಕಿಯ ಕಡೆ ನೋಡಿದ. ಹೆಡ್ ಗುಮಾಸ್ತರು ಬಹಳ ಯೋಚಿಸಿ, ಬೋರ್ಡಿನಲ್ಲಿ ಕೂರಬಾರದೆಂದು ಇಲ್ಲ, ಇಲ್ಲದ್ದನ್ನು ನಾವು ಸೇರಿಸುವಂತಿಲ್ಲ ಎಂದು ತೀರ್ಪು ಕೊಟ್ಟರು. ಬಿಸಿಲೇರಿದಾಗ ತಮ್ಮ ಛತ್ರಿಯನ್ನೂ ಕೊಟ್ಟು ಕಳಿಸಿದರು. ಪೇದೆ ಅದನ್ನು ಬಿಚ್ಚಿ ಅತ್ತೆಯ ತಲೆಯ ಮೇಲೆ ಹಿಡಿದು ನಿಂತ. ಬೇರೆ ಏನು ಮಾಡಬೇಕೆಂದು ಅವನಿಗೂ ತೋಚಲಿಲ್ಲ.

ಸುದ್ದಿ ನಗರಸಭೆ ಮುಟ್ಟಿತು. ರಸ್ತೆಯವರು ಬಂದರು. ಚರಂಡಿಯವರೂ ಬಂದರು. ಅಷ್ಟು ದೊಡ್ಡ ಅಧಿಕಾರಿಗಳು ಒಂದೇ ಹೊಂಡದ ಮುಂದೆ ಒಟ್ಟಿಗೆ ನಿಂತದ್ದು ಅದೇ ಮೊದಲಿರಬೇಕು. ಹೊಂಡದ ಅಂಚು ಕುಸಿಯಬಹುದು, ವಯಸ್ಸಾದವರು ಹೀಗೆ ಕೂರುವುದು ಅಪಾಯ ಎಂದರು ರಸ್ತೆಯವರು. ಅಪಾಯ ಎಂದಾದರೆ ಮುಚ್ಚಬಾರದೇನಪ್ಪ ಎಂದರು ಅತ್ತೆ. ಅದು ಇವರ ಕೆಲಸ ಎಂದು ರಸ್ತೆಯವರು ಚರಂಡಿಯವರನ್ನು ತೋರಿಸಿದರು. ಬೋರ್ಡು ಹಾಕಿದವರು ತಾವಲ್ಲವೇ ಎಂದರು ಚರಂಡಿಯವರು. ನಾವೆಲ್ಲಿ ಹಾಕಿದೆವು, ನೀವಲ್ಲವೇ ಎಂದರು ರಸ್ತೆಯವರು.

ಆಮೇಲೆ ಇಬ್ಬರೂ ಬೋರ್ಡಿನ ಕಡೆ ತಿರುಗಿದರು. ಅತ್ತೆಯ ಬಟಾಣಿ ಸಿಪ್ಪೆ ಒಡೆಯುವ ಸದ್ದೊಂದೇ ಕೇಳುತ್ತಿತ್ತು.

ಗುಂಪಿನ ಹಿಂದಿನಿಂದ ನಮ್ಮವರು ಮುಂದೆ ಬಂದರು. ಕೈಯಲ್ಲಿ ಕುಂಚ ಇತ್ತು. ಕೆಲಸದಿಂದ ಹಾಗೇ ಓಡಿ ಬಂದಿದ್ದರು. ಒಂದು ಕಾಲಿನ ಚಪ್ಪಲಿ ದಾರಿಯಲ್ಲಿ ಎಲ್ಲೋ ಬಿದ್ದುಹೋಗಿತ್ತು.

"ಹಾಕಿದ್ದು ನಾನು ಸಾರ್. ಬರೆದದ್ದೂ ನಾನೇ, ಆದೇಶವೂ ನನ್ನದೇ. ಕುರ್ಚಿ ನಮ್ಮಮ್ಮನದು. ಮೂರು ದಿನದಿಂದ ಹೇಳ್ತಾ ಇದ್ದೀನಿ, ಯಾರೂ ಕೇಳಿಸಿಕೊಳ್ತಿಲ್ಲ. ಶಿಕ್ಷೆ ಕೊಡೋದಾದ್ರೆ ಕೊಡಿ. ಆದ್ರೆ ಮೊದಲು ಹೊಂಡ ಮುಚ್ಚಿ. ಮುಚ್ಚೋವರೆಗೂ ಅಮ್ಮ ಏಳಲ್ಲ. ಅಮ್ಮ ಏಳೋವರೆಗೂ ನಾನು ಇಲ್ಲಿಂದ ಕದಲಲ್ಲ."

ಮದುವೆಯಾದಂದಿನಿಂದ ಅವರು ಇಷ್ಟು ಮಾತನ್ನು ಒಂದೇ ಉಸಿರಿಗೆ ಆಡಿದ್ದನ್ನು ನಾನು ಕೇಳಿರಲಿಲ್ಲ. ಮೇಲ್ವಿಚಾರಕರು ಪರಸ್ಪರ ಮುಖ ನೋಡಿಕೊಂಡರು. ಇವರನ್ನು ಶಿಕ್ಷಿಸಬೇಕೆಂದರೆ, ಬೋರ್ಡು ಯಾರದೆಂದು ಎರಡು ಇಲಾಖೆಯೂ ಇಷ್ಟು ದಿನ ವಿಚಾರಿಸಲೇ ಇಲ್ಲ ಎಂದು ಮೇಲಿನವರ ಮುಂದೆ ಒಪ್ಪಿಕೊಳ್ಳಬೇಕಾಗುತ್ತಿತ್ತು. ಹೊಂಡ ಮುಚ್ಚುವುದು ಅದಕ್ಕಿಂತ ಸುಲಭದ ಕೆಲಸ. ರಸ್ತೆಯವರು ಗಾಡಿ ಕಳಿಸಿದರು, ಚರಂಡಿಯವರು ಚಪ್ಪಡಿ ಕಳಿಸಿದರು. ಅತ್ತೆಯ ಬಟಾಣಿ ಮುಗಿಯುವುದಕ್ಕೂ ಹೊಸ ಚಪ್ಪಡಿ ಬಂದು ಇಳಿಯುವುದಕ್ಕೂ ಸರಿಹೋಯಿತು. ಕುರ್ಚಿ ಹೊಂಡಕ್ಕೆ ಅಡ್ಡ ಇದ್ದರೂ ಯಾರೂ ಅದನ್ನು ಸರಿಸಲಿಲ್ಲ. ಕೂಲಿಯವರು ಅದರ ಸುತ್ತ ಬಳಸಿ, ಬಗ್ಗಿ, ಅತ್ತೆಗೆ ಕಾಲೆತ್ತಲು ಹೇಳಿ, ಹೇಗೋ ಕಲ್ಲನ್ನು ಕೂರಿಸಿದರು. ನಮ್ಮವರು ಅದರ ಮೇಲೆ ಹತ್ತಿ ಕುಣಿದು ನೋಡಿದರು. ಅಲುಗಲಿಲ್ಲ.

ನಾನು ಲೋಟದಲ್ಲಿ ನೀರು ತಂದುಕೊಟ್ಟೆ. ಅತ್ತೆ ಪೂರ್ತಿ ಕುಡಿದರು. ಇನ್ನೊಂದು ಲೋಟ ಕೇಳಿ ಅದನ್ನೂ ಕುಡಿದರು. ಆಮೇಲೆ ಎರಡು ಅಂಗೈಗಳನ್ನು ಹಳದಿ ಕಪ್ಪು ಪಟ್ಟಿಗಳ ಮೇಲೆ ಊರಿದರು. ಪೇದೆ ಕೈ ಚಾಚಿದ. ಬೇಡ ಎಂದು ತಲೆಯಾಡಿಸಿದರು. "ಹೂಂ" ಎಂದರು, ಎದ್ದು ನಿಂತರು. ಬೀದಿಯವರೆಲ್ಲ ಯಾಕೆ ಅಷ್ಟು ಹಿಗ್ಗಿದರೋ ಅವರಿಗೇ ಗೊತ್ತಿರಲಾರದು. ನನಗೆ ಗೊತ್ತಿತ್ತು. ನಾನು ಸೆರಗಿನಿಂದ ಬುಟ್ಟಿ ಒರೆಸುವವಳಂತೆ ಅತ್ತ ತಿರುಗಿದೆ.

ನಮ್ಮವರು ಕುರ್ಚಿ ಎತ್ತಲು ಬಗ್ಗಿದರು. ಪೇದೆ ಕೆಮ್ಮಿದ.

"ಅಣ್ಣ, ತಪ್ಪು ತಿಳೀಬೇಡಿ. ಬೋರ್ಡು ಇನ್ನೂ ಹಾಗೇ ಇದೆಯಲ್ಲ."

ಹೆಡ್ ಗುಮಾಸ್ತರೂ ಕಿಟಕಿಯಿಂದ ಹೌದೆಂದರು. ಹೊಂಡ ಮುಚ್ಚಿದೆ, ನಿಜ; ಬರೆದದ್ದು ಬರೆದದ್ದೇ. ಇಬ್ಬರು ಮೇಲ್ವಿಚಾರಕರೂ ಅದು ತಮ್ಮದಲ್ಲವಾದ್ದರಿಂದ ತಾವು ಏನೂ ಹೇಳುವಂತಿಲ್ಲ ಎಂದರು. ನಮ್ಮವರು ನನ್ನ ಮುಖ ನೋಡಿದರು. ನಾನು ಅವರ ಕೈಯಲ್ಲಿದ್ದ ಕುಂಚ ನೋಡಿದೆ. ಅವರು ಮತ್ತೇನೂ ಕೇಳದೆ ಬೋರ್ಡಿನ ಮುಂದೆ ಮಂಡಿಯೂರಿ, ಉಳಿದ ಜಾಗದಲ್ಲಿ, ಅದೇ ಅಂದದ ಅಕ್ಷರಗಳಲ್ಲಿ ಬರೆದರು: 'ಮೇಲಿನದನ್ನು ಹಿಂಪಡೆಯಲಾಗಿದೆ. ಕುರ್ಚಿಯನ್ನು ಅದರ ಮನೆಗೆ ಒಯ್ಯತಕ್ಕದ್ದು. ಆದೇಶದ ಮೇರೆಗೆ.'

ಪೇದೆ ಗಟ್ಟಿಯಾಗಿ ಓದಿದ. ಹಾಂ, ಈಗ ಸರಿ ಎಂದರು ಹೆಡ್ ಗುಮಾಸ್ತರು. ಪೇದೆ ಒಂದು ಕಡೆ, ನಮ್ಮವರು ಇನ್ನೊಂದು ಕಡೆ ಹಿಡಿದು ಕುರ್ಚಿಯನ್ನು ಮನೆಗೆ ತಂದು, ಕಿಟಕಿಯ ಬಳಿ ಅದರ ಜಾಗದಲ್ಲೇ ಇಟ್ಟರು.

ಶನಿವಾರ ಮಗಳು ಭಾಷಣ ಮುಗಿಸಿ ಬಂದಳು. ನಮ್ಮವರು ಬಹಳ ಸಹಜವಾಗಿ, ಎಲ್ಲೋ ನೋಡುತ್ತ, ಕೊನೆಗೆ ಯಾರ ಬಗ್ಗೆ ಮಾತಾಡಿದೆ ಎಂದು ಕೇಳಿದರು. ಅಜ್ಜಿಯ ಬಗ್ಗೆ ಎಂದಳು. ಟೀಚರ್ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ನಮ್ಮವರು ತಲೆಯಾಡಿಸಿದರು. ಸ್ವಲ್ಪ ಹೊತ್ತು ಬಿಟ್ಟು ಮಗಳು, ಅಜ್ಜಿಗೆ ಕೂರುವುದಕ್ಕೆ ಜಾಗ ಮಾಡಿಕೊಟ್ಟದ್ದು ಅಪ್ಪ ಎಂದೂ ಹೇಳಿದೆ ಎಂದಳು. ಅಂದಿನಿಂದ ಅವರು ಕಳೆದುಹೋದ ಚಪ್ಪಲಿಯ ಬಗ್ಗೆ ಕೂಡ ಕೊರಗುವುದನ್ನು ಬಿಟ್ಟರು.

ಕುರ್ಚಿಯ ಪಟ್ಟಿಗಳನ್ನು ಉಜ್ಜಿ ತೆಗೆಯುತ್ತೇನೆ ಎಂದರೆ ಅತ್ತೆ ಒಪ್ಪುವುದಿಲ್ಲ. ಇರಲಿ, ದೂರದಿಂದ ಕಾಣುತ್ತೆ ಎನ್ನುತ್ತಾರೆ. ಮನೆಗೆ ಬಂದವರು ಯಾರೂ ಅದರ ಮೇಲೆ ಕೂರುವುದಿಲ್ಲ. ಸುತ್ತು ಬಳಸಿ ಹೋಗುತ್ತಾರೆ. ನಾನಾದರೂ ದಿನಾ ಅದನ್ನು ಸರಿಸಿಯೇ ಕಸ ಗುಡಿಸಬೇಕು. ಸರಿಸುವ ಮೊದಲು ಈಗಲೂ ಒಮ್ಮೆ ಎದುರು ಮನೆಯ ಕಿಟಕಿಯ ಕಡೆ ನೋಡುತ್ತೇನೆ.